ಮೊದಲ ನಿಮಿಷ ಆಂಬುಲೆನ್ಸ್ ಹತ್ತುವುದಿಲ್ಲ

ಓದುಗರೊಬ್ಬರ ಪತ್ರ, ಸ್ವಲ್ಪ ಚಿಕ್ಕದು ಮಾಡಿದ್ದೇನೆ. ಹೆಸರು, ಊರು, ಆಸ್ಪತ್ರೆ ಮೂರನ್ನೂ ಬೇಕೆಂದೇ ತೆಗೆದಿದ್ದೇನೆ:

"ನಮ್ಮದು ಸಕಲೇಶಪುರ ಕಡೆ ಕಾಫಿ ತೋಟದ ಊರು. ಜುಲೈ ತಿಂಗಳಲ್ಲಿ ತಮ್ಮನ ಹೆಂಡತಿಗೆ ರಾತ್ರಿ ಹೊತ್ತು ನೋವು ಬಂತು. ಮಳೆ ಅಂದರೆ ಮಳೆ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋದೆವು. ಡಾಕ್ಟರ್ ಇರಲಿಲ್ಲ, ಒಬ್ಬರೇ ಸಿಸ್ಟರ್. ಮಗು ಹುಟ್ಟಿದಾಗ ಅಳಲಿಲ್ಲ, ನೀಲಿಗಟ್ಟಿತ್ತು. ಕಾಲು ಹಿಡಿದು ತಲೆಕೆಳಗೆ ಮಾಡಿ ಎರಡು ಬಡೀರಿ ಅಂತ ಒಳಗಿದ್ದ ನಮ್ಮಮ್ಮ ಕೂಗಿಕೊಂಡರೂ ಸಿಸ್ಟರ್ ಕೇಳಲಿಲ್ಲ. ಆಕ್ಸಿಜನ್ ಕೂಡ ಹಾಕಲಿಲ್ಲ. ಒಂದು ರಬ್ಬರ್ ಬಲೂನ್ ಇಟ್ಟುಕೊಂಡು ಸುಮ್ನೆ ಒತ್ತುತ್ತಾ ನಿಂತಿದ್ದರು. ನಡುವೆ ಕರೆಂಟ್ ಬೇರೆ ಹೋಯ್ತು. ಮಗು ಅತ್ತ ಮೇಲೆ ಒಂದು ಬಟ್ಟೆಯನ್ನೂ ಹಾಕದೆ ತಾಯಿ ಎದೆ ಮೇಲೆ ಮಲಗಿಸಿದರು. ಬೆಳಗಾದ ಮೇಲೆ ಹಾಸನಕ್ಕೆ ಕಳಿಸಿದರು. ಐದು ದಿನ ಪೆಟ್ಟಿಗೆಯಲ್ಲಿತ್ತು. ಈಗ ಎರಡು ತಿಂಗಳು, ಚೆನ್ನಾಗಿದೆ. ಇಂಥ ಆಸ್ಪತ್ರೆಗಳು ಯಾಕೆ ಬೇಕು ಸಂಪಾದಕರೇ? ಎಲ್ಲಾ ಮುಚ್ಚಿ ಹೆರಿಗೆಗಳನ್ನು ಹಾಸನದಲ್ಲೇ ಮಾಡಿಸಬಾರದಾ? ಆ ಸಿಸ್ಟರ್ ಮೇಲೆ ದೂರು ಕೊಡಬೇಕು ಅಂತಿದ್ದೇವೆ. ಯಾರಿಗೆ ಬರೆಯಬೇಕು, ತಿಳಿಸಿ."

ದೂರು ಕೊಡಿ. ಯಾರಿಗೆ ಅಂತಲೂ ಹೇಳುತ್ತೇನೆ. ಆದರೆ ಆ ಸಿಸ್ಟರ್ ಮೇಲೆ ಅಲ್ಲ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ನಿಮ್ಮ ಜೊತೆ ನನಗೂ ಸಿಟ್ಟು ಬಂತು. ಎರಡನೇ ಸಲ "ಬಲೂನ್ ಒತ್ತುತ್ತಾ ನಿಂತಿದ್ದರು" ಅನ್ನುವಲ್ಲಿ ನಿಂತೆ. ಮೂರನೇ ಸಲ ಓದುವಾಗ ಅನ್ನಿಸಿದ್ದು ಇಷ್ಟು: ಮಳೆಯ ರಾತ್ರಿ, ಡಾಕ್ಟರ್ ಇಲ್ಲ, ಕರೆಂಟ್ ಇಲ್ಲ, ಅಜ್ಜಿ ಪಕ್ಕದಲ್ಲೇ ಕೂಗುತ್ತಿದ್ದಾರೆ, ಅಷ್ಟರ ನಡುವೆ ಒಬ್ಬ ಹೆಣ್ಣುಮಗಳು ಕೈ ನಡುಗಿಸದೆ ಮಾಡಬೇಕಾದ ಒಂದೇ ಕೆಲಸವನ್ನು ಮಾಡುತ್ತಾ ನಿಂತಿದ್ದಾಳೆ. ನಿಮ್ಮ ಮನೆ ಮಗು ಇವತ್ತು ನಗುತ್ತಿದ್ದರೆ ಅದಕ್ಕೆ ಆ "ರಬ್ಬರ್ ಬಲೂನ್" ಕಾರಣ.

ಅದರ ಹೆಸರು ಆಂಬು ಬ್ಯಾಗ್. ಆಂಬು ಅನ್ನುವುದು ಡೆನ್ಮಾರ್ಕಿನ ಕಂಪನಿ. ಹೆನ್ನಿಂಗ್ ರೂಬೆನ್ ಅನ್ನುವ ಅರಿವಳಿಕೆ ಡಾಕ್ಟರ್ ರೂಪಿಸಿದ್ದು, 1956ರಲ್ಲಿ ಮಾರುಕಟ್ಟೆಗೆ ಬಂತು. ನಾವು ಬಿಸ್ಲೇರಿ ಅಂದಹಾಗೆ ಈಗ ಯಾವ ಕಂಪನಿಯದ್ದಾದರೂ ಆಂಬು ಬ್ಯಾಗೇ. ಅದರ ಮಾಸ್ಕನ್ನು ಮಗುವಿನ ಮೂಗು-ಬಾಯಿ ಮೇಲಿಟ್ಟು ಒತ್ತಿದರೆ ಶ್ವಾಸಕೋಶಕ್ಕೆ ಗಾಳಿ ಹೋಗುತ್ತದೆ, ಬಿಟ್ಟರೆ ಬ್ಯಾಗ್ ತಾನಾಗಿಯೇ ಗಾಳಿ ತುಂಬಿಕೊಳ್ಳುತ್ತದೆ. ಅದಕ್ಕೆ ಕರೆಂಟ್ ಬೇಡ, ಸಿಲಿಂಡರ್ ಬೇಡ. ಹಸುಗೂಸಿನ ಬ್ಯಾಗ್ ಇನ್ನೂ ಚಿಕ್ಕದು, 250ರಿಂದ 500 ಮಿ.ಲೀ. ನಮ್ಮ ಮಲೆನಾಡಿನ ಜುಲೈ ತಿಂಗಳಿಗೆ ಇದಕ್ಕಿಂತ ಸರಿಯಾದ ಉಪಕರಣ ಇನ್ನೊಂದಿಲ್ಲ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಈಗ ನಿಮ್ಮಮ್ಮ ಹೇಳಿದ ಆ "ತಲೆಕೆಳಗೆ ಮಾಡಿ ಬಡಿಯುವ" ವಿಷಯ. ಅವರನ್ನು ಬೈಯಬೇಡಿ. ನಮ್ಮಜ್ಜಿಯೂ ಅದನ್ನೇ ಹೇಳುತ್ತಿದ್ದರು, ಸಿನಿಮಾಗಳಲ್ಲೂ ಅದನ್ನೇ ತೋರಿಸುತ್ತಿದ್ದರು. ಯಾಕೆ ಮಾಡಬಾರದು ಅಂದರೆ, ಹೊಟ್ಟೆಯೊಳಗಿದ್ದಾಗ ಮಗುವಿನ ಶ್ವಾಸಕೋಶದಲ್ಲಿ ಗಾಳಿ ಇರುವುದಿಲ್ಲ, ನೀರಿರುತ್ತದೆ. ಆಕ್ಸಿಜನ್ ಬರುವುದು ಹೊಕ್ಕುಳ ಬಳ್ಳಿಯಿಂದ. ಹುಟ್ಟಿದ ಕೂಡಲೇ ಆ ದಾರಿ ಮುಚ್ಚುತ್ತದೆ, ಶ್ವಾಸಕೋಶ ತೆರೆದುಕೊಳ್ಳಬೇಕು. ಮೊದಲ ಕೆಲವು ಉಸಿರಿಗೆ ನೀರು ಹಿಂದೆ ಸರಿದು ಗಾಳಿ ಒಳಗೆ ಹೋಗುತ್ತದೆ. ನೂರು ಮಕ್ಕಳು ಹುಟ್ಟಿದರೆ ಸುಮಾರು 85 ಮಕ್ಕಳು ಅರ್ಧ ನಿಮಿಷದೊಳಗೆ ತಾವೇ ಇದನ್ನು ಮಾಡಿಕೊಳ್ಳುತ್ತವೆ, ನಾವು ಸುಮ್ಮನೆ ಇದ್ದರೂ ಸಾಕು. ಇನ್ನೊಂದು 10 ಮಕ್ಕಳಿಗೆ ಚೆನ್ನಾಗಿ ಒರೆಸಿ ಬೆನ್ನು ಸವರಿದರೆ ಸಾಕು. ಉಳಿದ ಐದರಷ್ಟು ಮಕ್ಕಳಿಗೆ ಬ್ಯಾಗ್ ಬೇಕು.

ಮಗುವಿಗೆ ಆಕ್ಸಿಜನ್ ಕಡಿಮೆಯಾದರೆ ಮೊದಲು ಉಸಿರು ಒಂದು ಸಲ ನಿಲ್ಲುತ್ತದೆ. ಆಗ ಬೆನ್ನು ಸವರಿದರೆ ಮತ್ತೆ ಶುರುವಾಗುತ್ತದೆ. ಆ ಹಂತ ದಾಟಿಬಿಟ್ಟರೆ ಉಸಿರು ಎರಡನೇ ಸಲ ನಿಲ್ಲುತ್ತದೆ, ಆಮೇಲೆ ಸವರಿ, ಬಡಿಯಿರಿ, ಅಂಗಾಲು ತಟ್ಟಿ, ಏನೇ ಮಾಡಿ, ಗಾಳಿ ಒಳಗೆ ಹೋಗುವವರೆಗೂ ಉಸಿರು ಬರುವುದಿಲ್ಲ. ಮೇಜಿನ ಮೇಲೆ ಮಲಗಿರುವ ನೀಲಿ ಕೂಸು ಇವೆರಡರಲ್ಲಿ ಯಾವ ಹಂತದಲ್ಲಿದೆ ಅಂತ ನೋಡಿ ಹೇಳಲು ದೊಡ್ಡ ಡಾಕ್ಟರಿಗೂ ಆಗುವುದಿಲ್ಲ. ಅದಕ್ಕೇ ನಿಯಮ ಒಂದೇ. ಒರೆಸು, ಸವರು, ಅಳಲಿಲ್ಲವಾ, ಒಂದು ನಿಮಿಷ ಮುಗಿಯುವುದರೊಳಗೆ ಬ್ಯಾಗ್ ಶುರು ಮಾಡು. ನರ್ಸ್‌ಗಳು ಇದನ್ನು 'ಗೋಲ್ಡನ್ ಮಿನಿಟ್' ಅನ್ನುತ್ತಾರೆ. ತಲೆಕೆಳಗೆ ಮಾಡಿ ಬಡಿಯುತ್ತಾ ನಿಂತರೆ ಆ ನಿಮಿಷವೇ ಕಳೆದುಹೋಗುತ್ತದೆ, ಜೊತೆಗೆ ಮಗುವಿಗೆ ಪೆಟ್ಟೂ ಆಗಬಹುದು.

ಆಕ್ಸಿಜನ್ ಹಾಕಲಿಲ್ಲ ಅಂದಿರಲ್ಲ, ಅದೂ ತಪ್ಪಲ್ಲ. ತಿಂಗಳು ತುಂಬಿದ ಮಗುವಿಗೆ ಮೊದಲು ಕೊಡಬೇಕಾದ್ದು ನಾವೆಲ್ಲ ಉಸಿರಾಡುವ ಇದೇ ಗಾಳಿ. ಮೊದಲೆಲ್ಲ ನೂರಕ್ಕೆ ನೂರು ಆಕ್ಸಿಜನ್ನೇ ಕೊಡುತ್ತಿದ್ದರು. ಬರೀ ಗಾಳಿ ಸಾಕು ಅಂತ ತೋರಿಸಿದವರಲ್ಲಿ ಮೊದಲಿಗರು ನಮ್ಮ ದೆಹಲಿಯ ಡಾ. ಸಿದ್ಧಾರ್ಥ್ ರಾಮ್‌ಜಿ ಮತ್ತು ಅವರ ಜೊತೆಯವರು, 1993ರಲ್ಲಿ. ಆಮೇಲೆ ಬೇರೆ ದೇಶಗಳಲ್ಲೂ ಪರೀಕ್ಷೆಗಳಾಗಿ, ಇಡೀ ಜಗತ್ತೇ ಪದ್ಧತಿ ಬದಲಿಸಿತು. ಸಿಲಿಂಡರ್ ಇಲ್ಲದ ಆಸ್ಪತ್ರೆಯಲ್ಲಿ ಮಗು ಬದುಕುವುದಿಲ್ಲ ಅನ್ನುವ ನಂಬಿಕೆ ಅಲ್ಲಿಗೆ ಮುಗಿಯಬೇಕಿತ್ತು, ನಮ್ಮೂರುಗಳಲ್ಲಿ ಇನ್ನೂ ಮುಗಿದಿಲ್ಲ ನೋಡಿ.

ಇಷ್ಟೆಲ್ಲ ಹೇಳಿದ ಮೇಲೆ, ಬ್ಯಾಗ್ ಒತ್ತುವುದು ಸುಲಭ ಅಂದುಕೊಳ್ಳಬೇಡಿ. ಹಿಂದೊಮ್ಮೆ ಒಂದು ಲೇಖನಕ್ಕೆಂದು ನರ್ಸ್‌ಗಳ ತರಬೇತಿಯಲ್ಲಿ ಹೋಗಿ ಕೂತಿದ್ದೆ. ನೀರು ತುಂಬಿಸಿದ ಗೊಂಬೆ ಇತ್ತು, ಎತ್ತಿಕೊಂಡರೆ ಹಸುಗೂಸಿನ ಹಾಗೇ ಕುತ್ತಿಗೆ ವಾಲುತ್ತದೆ. ನೀವೂ ಮಾಡಿ ಅಂತ ಹೇಳಿ ಕೈಗೆ ಬ್ಯಾಗ್ ಕೊಟ್ಟರು. ನಾನು ಜೋರಾಗಿ ಒತ್ತಿದೆ. ಎದೆ ಒಂದಿಷ್ಟೂ ಏಳಲಿಲ್ಲ. ಪುಸ್ ಅಂತ ಮಾಸ್ಕಿನ ಪಕ್ಕದಿಂದ ಗಾಳಿ ಹೋಯ್ತು. ಕಲಿಸುತ್ತಿದ್ದ ಸಿಸ್ಟರ್ ನಕ್ಕು, ಗೊಂಬೆಯ ಹೆಗಲ ಕೆಳಗೆ ಮಡಚಿದ ಟವೆಲ್ ಇಟ್ಟರು. ಗದ್ದ ಸ್ವಲ್ಪವೇ ಮೇಲೆ ಬಂತು, ಹೂವಿನ ವಾಸನೆ ನೋಡುವ ಹಾಗೆ. ನನ್ನ ಹೆಬ್ಬೆರಳು ಮತ್ತು ತೋರುಬೆರಳನ್ನು ಮಾಸ್ಕಿನ ಮೇಲೆ, ಉಳಿದ ಮೂರು ಬೆರಳನ್ನು ದವಡೆಯ ಮೂಳೆಯ ಕೆಳಗೆ ಕೂರಿಸಿದರು. "ಮಾಸ್ಕನ್ನು ಮುಖಕ್ಕೆ ಒತ್ತಬೇಡಿ ಸರ್, ಮುಖವನ್ನು ಮಾಸ್ಕಿಗೆ ಎತ್ತಿ" ಅಂದರು. ಆಮೇಲೆ ಎರಡೇ ಬೆರಳಲ್ಲಿ ಮೆತ್ತಗೆ ಒತ್ತಿದೆ. ಎದೆ ಎದ್ದಿತು. ಮೂರು ಕೆ.ಜಿ. ಮಗುವಿನ ಒಂದು ಉಸಿರಿಗೆ ಬೇಕಾದ ಗಾಳಿ ಮೂರ್ನಾಲ್ಕು ಟೀ ಚಮಚದಷ್ಟು, ಅಷ್ಟೇ. "ಒತ್ತು... ಎರಡು, ಮೂರು. ಒತ್ತು... ಎರಡು, ಮೂರು." ನಿಮಿಷಕ್ಕೆ 40ರಿಂದ 60 ಸಲ. ಎರಡು ನಿಮಿಷಕ್ಕೆ ನನ್ನ ಕೈ ಸೋತಿತ್ತು, ಹಣೆಯಲ್ಲಿ ಬೆವರು. ಅದು ಗೊಂಬೆ, ಪಕ್ಕದಲ್ಲಿ ಯಾರೂ ಅಳುತ್ತಿರಲಿಲ್ಲ.

ಆ ಸಿಸ್ಟರ್ ಇನ್ನೊಂದು ಲೆಕ್ಕ ಹೇಳಿದರು, ಇವತ್ತಿಗೂ ತಲೆಯಲ್ಲಿದೆ. ತಿಂಗಳಿಗೆ 10 ಹೆರಿಗೆ ಆಗುವ ಆಸ್ಪತ್ರೆ ಅಂದುಕೊಳ್ಳಿ. ವರ್ಷಕ್ಕೆ 120. ಅದರಲ್ಲಿ ಬ್ಯಾಗ್ ಬೇಕಾಗುವ ಮಕ್ಕಳು ಆರು. ಪಾಳಿ ಮೇಲೆ ಮೂವರು ನರ್ಸ್ ಇದ್ದರೆ ಒಬ್ಬೊಬ್ಬರಿಗೆ ವರ್ಷಕ್ಕೆ ಎರಡು ಮಕ್ಕಳು ಸಿಕ್ಕವು. ವರ್ಷಕ್ಕೆ ಎರಡೇ ಸಲ ಗಾಡಿ ಓಡಿಸುವವನ ಪಕ್ಕದಲ್ಲಿ ಚಾರ್ಮಾಡಿ ಘಾಟಿ ಇಳಿಯುತ್ತೀರಾ ನೀವು? ನಮ್ಮಲ್ಲಿ ತರಬೇತಿ ಇಲ್ಲವೆಂದಲ್ಲ. ಕೇಂದ್ರ ಸರ್ಕಾರದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ 2009ರಲ್ಲೇ ಶುರುವಾಗಿದೆ, ಎರಡು ದಿನದ ತರಬೇತಿ. ಆದರೆ ಕಲಿತ ಕೈ ಕೆಲವೇ ತಿಂಗಳಲ್ಲಿ ಮರೆಯುತ್ತದೆ. ಸರ್ಟಿಫಿಕೇಟ್ ಗೋಡೆ ಮೇಲೆ ಇರುತ್ತದೆ, ಕೈಯಲ್ಲಿ ಇರುವುದಿಲ್ಲ. ವಾರಕ್ಕೊಮ್ಮೆ ಹತ್ತು ನಿಮಿಷ ಗೊಂಬೆಯ ಮೇಲೆ ಅಭ್ಯಾಸ ಮಾಡಿದರೆ ಇದು ಪೂರ್ತಿ ಬದಲಾಗುತ್ತದೆ. ಎಷ್ಟು ಕಡೆ ಗೊಂಬೆ ಪ್ಲಾಸ್ಟಿಕ್ ಕವರ್ ಬಿಚ್ಚದೆ ಬೀರು ಮೇಲೆ ಕೂತಿದೆಯೋ ದೇವರೇ ಬಲ್ಲ.

ಬೀರು ಅಂದಾಗ ನಮ್ಮ ಮನೆಯ ಕಥೆಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಸುಮ್ನೆ ಉಪದೇಶ ಮಾಡಿದ ಹಾಗಾಗುತ್ತದೆ. ಇಪ್ಪತ್ತು ವರ್ಷಕ್ಕೂ ಹಿಂದೆ, ನನ್ನ ಅಕ್ಕನ ಮೊದಲ ಹೆರಿಗೆ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ. ಟೈಲ್ಸ್ ಹಾಕಿದ ನೆಲ, ಎ.ಸಿ. ರೂಮು, ಗಣಪತಿ ಫೋಟೋಗೆ ಮಿಣಿಮಿಣಿ ಲೈಟು. ಮಗು ಅಳಲಿಲ್ಲ. ಬ್ಯಾಗ್ ಇತ್ತು, ಗಾಜಿನ ಬೀರುವಿನಲ್ಲಿ. ಬೀರುವಿಗೆ ಬೀಗ, ಕೀ ಯಾರದ್ದೋ ಟೇಬಲ್ ಡ್ರಾದಲ್ಲಿ. ತೆಗೆದರೆ ಮಾಸ್ಕ್ ದೊಡ್ಡ ಮಕ್ಕಳದ್ದು, ಕೂಸಿನ ಗದ್ದ ದಾಟಿ ಕುತ್ತಿಗೆಗೆ ಬರುತ್ತಿತ್ತು. ಬಾಗಿಲ ಸಂದಿಯಿಂದ ನಾನು ನೋಡಿದ್ದು ಅಷ್ಟೇ, ಆ ಮಾಸ್ಕು. ಹುಡುಗ ಬದುಕಿದ. ಈಗ ಗಾಲಿ ಕುರ್ಚಿಯಲ್ಲಿ ಕೂತು ಕ್ರಿಕೆಟ್ ಕಾಮೆಂಟರಿ ಕೇಳುತ್ತಾನೆ, ಸ್ಕೋರು ನಮಗಿಂತ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾನೆ. ಅವನಿಗಿರುವುದು ಸೆರೆಬ್ರಲ್ ಪಾಲ್ಸಿ, ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗುವುದಿಲ್ಲ. ಹುಟ್ಟಿದಾಗ ಉಸಿರು ತಡವಾದದ್ದೇ ಕಾರಣ ಅಂತ ಡಾಕ್ಟರ್ ಯಾರೂ ಖಾತ್ರಿಯಾಗಿ ಹೇಳಿಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಹೆಚ್ಚಿನ ಮಕ್ಕಳಲ್ಲಿ ಹೆರಿಗೆ ಹೊತ್ತಿನ ಉಸಿರುಗಟ್ಟುವಿಕೆಯೇ ಕಾರಣ ಆಗಿರುವುದಿಲ್ಲ, ಇದು ನಿಜ, ಸುಮ್ಮಸುಮ್ಮನೆ ಯಾರನ್ನೂ ದೂರಬಾರದು. ಆದರೆ ಆ ಕೀ ಹುಡುಕಿದ ಹೊತ್ತನ್ನು ಅಕ್ಕ ಇವತ್ತಿಗೂ ಎಣಿಸುತ್ತಾಳೆ.

ಟೈಲ್ಸ್ ನೋಡಿ ಆಸ್ಪತ್ರೆ ಅಳೆಯುವುದನ್ನು ನಾನು ಬಿಟ್ಟಿದ್ದು ಆಗಲೇ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಸಣ್ಣ ಆಸ್ಪತ್ರೆಗಳನ್ನು ಮುಚ್ಚಿ ಎಲ್ಲರನ್ನೂ ಹಾಸನಕ್ಕೇ ಕಳಿಸಿದರೆ ಹೇಗೆ? ಮೇಲಿನ ಲೆಕ್ಕ ನೋಡಿದರೆ ನಿಮ್ಮ ಮಾತಲ್ಲಿ ಸ್ವಲ್ಪ ಹುರುಳಿದೆ, ಒಪ್ಪಿದೆ. ತಿಂಗಳಿಗೆ ಎರಡು ಹೆರಿಗೆ ಆಗುವ ಕಡೆ ಕೈ ಪಳಗುವುದು ಕಷ್ಟ. ಬಿ.ಪಿ. ಇರುವವರು, ಅವಳಿ ಮಕ್ಕಳು, ತಿಂಗಳು ತುಂಬುವ ಮೊದಲೇ ನೋವು ಬಂದವರು ಮುಂಚೆಯೇ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ಉಸಿರಾಡದೆ ಹುಟ್ಟುವ ಎಷ್ಟೋ ಮಕ್ಕಳ ತಾಯಂದಿರಿಗೆ ಮುಂಚೆ ಯಾವ ತೊಂದರೆಯೂ ಇರುವುದಿಲ್ಲ, ಒಂಬತ್ತು ತಿಂಗಳೂ ತಾಯಿ ಕಾರ್ಡಿನಲ್ಲಿ ಎಲ್ಲ ಸರಿಯಾಗೇ ಇರುತ್ತದೆ. ನಿಮ್ಮ ನಾದಿನಿ ವಿಷಯದಲ್ಲೂ ಹಾಗೇ ಅಲ್ವಾ? ಸಕಲೇಶಪುರದಿಂದ ಹಾಸನ ಸುಮಾರು 40 ಕಿ.ಮೀ. ನಿಮ್ಮೂರಿಂದ ಸಕಲೇಶಪುರಕ್ಕೇ ಎಷ್ಟು ಹೊತ್ತು ಬೇಕು ಅಂತ ನಿಮಗೇ ಗೊತ್ತು, ಅದೂ ಜುಲೈಯಲ್ಲಿ, ಮರ ಬಿದ್ದ ರಸ್ತೆಯಲ್ಲಿ, ಆನೆ ಓಡಾಡುವ ಹೊತ್ತಲ್ಲಿ. ಆ ರಾತ್ರಿ ನೇರ ಹಾಸನಕ್ಕೆ ಹೊರಟಿದ್ದರೆ ಮಗು ಬಾಳ್ಳುಪೇಟೆ ಹತ್ತಿರ ಎಲ್ಲೋ ಜೀಪಿನಲ್ಲೇ ಹುಟ್ಟುತ್ತಿತ್ತು, ಮತ್ತು ಜೀಪಿನಲ್ಲಿ ಬ್ಯಾಗ್ ಇರುತ್ತಿರಲಿಲ್ಲ. ಲೈನ್ ಮನೆಗಳಲ್ಲಿರುವ, ಕಾಫಿ ಕೊಯ್ಲಿಗೆ ಅಸ್ಸಾಮಿನಿಂದ ಬಂದ ಹೆಣ್ಣುಮಕ್ಕಳಿಗಂತೂ ಹೊತ್ತಲ್ಲದ ಹೊತ್ತಲ್ಲಿ ಬಾಗಿಲು ತೆರೆದಿರುವ ಹತ್ತಿರದ ಜಾಗವೇ ಗತಿ.

ಐದು ದಿನದ ಆರೈಕೆಯನ್ನು ಹಾಸನದಲ್ಲಿ ಮಾಡಬಹುದು. ಮೊದಲ ನಿಮಿಷದ ಕೆಲಸ ಮಗು ಎಲ್ಲಿ ಹುಟ್ಟುತ್ತದೋ ಅಲ್ಲೇ ಆಗಬೇಕು. ಅದಕ್ಕೆ ರೆಫರಲ್ ಚೀಟಿ ಬರೆಯಲು ಬರುವುದಿಲ್ಲ.

ಆ ನಿಮಿಷ ತಪ್ಪಿದರೆ ಆಮೇಲೆ ದೊಡ್ಡ ಆಸ್ಪತ್ರೆಯೂ ಜಾಸ್ತಿ ಏನೂ ಮಾಡಲಾರದು. ಉಸಿರುಗಟ್ಟಿ ಮಿದುಳಿಗೆ ಪೆಟ್ಟಾದ ಮಕ್ಕಳ ಮೈಯನ್ನು ಮೂರು ದಿನ ತಣ್ಣಗಿಡುವ ಚಿಕಿತ್ಸೆಯೊಂದಿದೆ, ಶ್ರೀಮಂತ ದೇಶಗಳಲ್ಲಿ ಅದರಿಂದ ಪ್ರಯೋಜನ ಆಗಿದೆ. ಅದನ್ನೇ ಭಾರತ, ಶ್ರೀಲಂಕಾ, ಬಾಂಗ್ಲಾದೇಶದ ದೊಡ್ಡ ಆಸ್ಪತ್ರೆಗಳಲ್ಲಿ ಪರೀಕ್ಷಿಸಿ ನೋಡಿದರು. ಹೆಲಿಕ್ಸ್ ಅಂತ ಆ ಅಧ್ಯಯನದ ಹೆಸರು, ಫಲಿತಾಂಶ 2021ರಲ್ಲಿ ಬಂತು. ತಣ್ಣಗಿಟ್ಟ ಮಕ್ಕಳಲ್ಲಿ ಸಾವು ಕಡಿಮೆಯಾಗುವ ಬದಲು ಜಾಸ್ತಿಯಾಗಿತ್ತು.

ಇನ್ನೊಂದು ಅಧ್ಯಯನ ನಮ್ಮದೇ ರಾಜ್ಯದ್ದು, ಬೆಳಗಾವಿಯ ಜೆ.ಎನ್. ಮೆಡಿಕಲ್ ಕಾಲೇಜಿನವರದ್ದು. ಹೆರಿಗೆ ಮಾಡಿಸುವವರಿಗೆ ಬ್ಯಾಗ್ ಹಿಡಿಯುವ ತರಬೇತಿ ಕೊಟ್ಟರು. ಅದು 2013ರಲ್ಲಿ ಪ್ರಕಟವಾಯಿತು. ತರಬೇತಿಗೆ ಮೊದಲು, ಹೆರಿಗೆಯ ಹೊತ್ತಲ್ಲೇ ಸತ್ತು ಹುಟ್ಟಿತು ಅಂತ ಬರೆದುಕೊಂಡ ಮಕ್ಕಳು ಸಾವಿರಕ್ಕೆ 17. ಆಮೇಲೆ 9. ಇದರ ಅರ್ಥ ಯೋಚಿಸಿ ನೋಡಿ. ಸತ್ತು ಹುಟ್ಟಿದೆ ಅಂತ ಬಟ್ಟೆ ಸುತ್ತಿ ಪಕ್ಕಕ್ಕಿಡುತ್ತಿದ್ದ ಮಕ್ಕಳಲ್ಲಿ ಕೆಲವು ಸತ್ತಿರಲೇ ಇಲ್ಲ. ಉಸಿರು ಇರಲಿಲ್ಲ, ಎದೆ ಬಡಿತ ಇತ್ತು, ಯಾರೂ ಬ್ಯಾಗ್ ಹಿಡಿಯಲಿಲ್ಲ ಅಷ್ಟೆ. ಇದನ್ನು ಮೊದಲ ಸಲ ಓದಿದ ದಿನ ನನಗೆ ಊಟ ಸೇರಲಿಲ್ಲ.

ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಜೀವಂತ ಹುಟ್ಟಿದ ಮಕ್ಕಳು ಮೊದಲ ತಿಂಗಳಲ್ಲಿ ಸಾಯುವುದು ಆ ತರಬೇತಿಯಿಂದ ಕಡಿಮೆ ಆಗಲಿಲ್ಲ. ಉಸಿರು ಬಂದ ಮಗುವಿಗೆ ಆಮೇಲೂ ಆರೈಕೆ ಬೇಕು, ಬೆಚ್ಚಗಿಡಬೇಕು, ಎದೆಹಾಲು ಸಿಗಬೇಕು, ಫಿಟ್ಸ್ ಬರುತ್ತಿದೆಯಾ ನೋಡಬೇಕು, ಬೇಕಾದರೆ ಬೇಗ ಕಳಿಸಬೇಕು. ನಿಮ್ಮ ದೂರಿಗೆ ನಿಜವಾದ ಆಧಾರ ಸಿಗುವುದು ಇಲ್ಲಿ.

ಬರೀ ಮೈಯಲ್ಲಿ ತಾಯಿ ಎದೆ ಮೇಲೆ ಮಲಗಿಸಿದ್ದು ಸರಿ. ಒದ್ದೆ ಕೂಸು ಬಲು ಬೇಗ ತಣ್ಣಗಾಗುತ್ತದೆ. ಹೆರಿಗೆ ಕೋಣೆ 25 ಡಿಗ್ರಿಗಿಂತ ಬೆಚ್ಚಗಿರಬೇಕು ಅನ್ನುತ್ತಾರೆ, ಜುಲೈ ರಾತ್ರಿ ನಿಮ್ಮ ಕಡೆ ನಾವೇ ಸ್ವೆಟರ್ ಹಾಕಿಕೊಂಡು ಕೂತಿರುತ್ತೇವೆ. ಕರೆಂಟ್ ಹೋದರೆ, ಕೂಸನ್ನು ಬೆಚ್ಚಗಿಡುವ ವಾರ್ಮರ್ ಅನ್ನುವುದು ಒಂದು ತಣ್ಣನೆ ಮೇಜು. ತಾಯಿಯ ಚರ್ಮ ತಣ್ಣಗಾಗುವುದಿಲ್ಲ. ಬಟ್ಟೆ ಸುತ್ತಿದ್ದರೆ ಆ ಬಿಸಿ ಮಗುವಿಗೆ ತಲುಪುತ್ತಿರಲಿಲ್ಲ. ಆದರೆ ನಾನು ಕೇಳುವುದು, ಮೇಲೆ ಒಣ ಬಟ್ಟೆ ಹೊದಿಸಿದ್ದರಾ? ತಲೆಗೆ ಟೋಪಿ ಇತ್ತಾ? ಬೆಳಿಗ್ಗೆ ಆಂಬುಲೆನ್ಸಿನಲ್ಲಿ ತಾಯಿಯನ್ನೂ ಜೊತೆಗೆ ಕಳಿಸಿದರಾ, ಇಲ್ಲಾ ಕೂಸನ್ನು ಟವೆಲ್‌ನಲ್ಲಿ ಸುತ್ತಿ ನಿಮ್ಮ ತಮ್ಮನ ಕೈಗೆ ಕೊಟ್ಟು ಕಳಿಸಿದರಾ? ಎಷ್ಟೋ ಮಕ್ಕಳು ದಾರಿಯಲ್ಲೇ ತಣ್ಣಗಾಗಿ ಹಾಸನ ಮುಟ್ಟುತ್ತವೆ. ತಾಯಿ ಎದೆಗೆ ಅವುಚಿಕೊಂಡು ಬಂದರೆ ಅದಕ್ಕಿಂತ ಒಳ್ಳೆ ಪೆಟ್ಟಿಗೆ ಇನ್ನೊಂದಿಲ್ಲ. ಮತ್ತೆ, ರಾತ್ರಿಯೇ ಯಾಕೆ ಕಳಿಸಲಿಲ್ಲ? ರಸ್ತೆ ಕಟ್ಟಿತ್ತಾ, 108 ಸಿಗಲಿಲ್ಲವಾ? ರಾತ್ರಿ ಪಾಳಿಗೆ ಒಬ್ಬರೇ ಸಿಸ್ಟರ್ ಯಾಕೆ? ಮಗುವಿಗೆ ಬ್ಯಾಗ್ ಒತ್ತುವಾಗ ತಾಯಿಗೆ ರಕ್ತ ಹೋಗಲು ಶುರುವಾಗಿದ್ದರೆ ಆ ಹೆಣ್ಣುಮಗಳು ಯಾವ ಕಡೆ ನೋಡಬೇಕಿತ್ತು? ಮತ್ತೆ ಇದೆಲ್ಲ ಏನು ನಡೆಯುತ್ತಿದೆ ಅಂತ ಮನೆಯವರಿಗೆ ಆಮೇಲಾದರೂ ಯಾರಾದರೂ ಕೂರಿಸಿ ಹೇಳಿದರಾ? ಹೇಳಿದ್ದರೆ ನೀವು ನನಗೆ ಈ ಪತ್ರವನ್ನೇ ಬರೆಯುತ್ತಿರಲಿಲ್ಲ.

2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದದ್ದು 65ರ ಆಸುಪಾಸು. 2019-21ರಲ್ಲಿ ಅದು 97. ಮಡಿಲು ಕಿಟ್, 108, ಆಶಾ ಕಾರ್ಯಕರ್ತೆಯರ ಓಡಾಟ ಎಲ್ಲ ಸೇರಿ ಆದದ್ದು, ಸಣ್ಣ ಸಾಧನೆಯೇನಲ್ಲ. ಆದರೂ ಅದೇ ಸಮೀಕ್ಷೆಯ ಪ್ರಕಾರ ಹುಟ್ಟಿದ ಸಾವಿರ ಮಕ್ಕಳಲ್ಲಿ ಸುಮಾರು 16 ಮಕ್ಕಳು ಮೊದಲ ತಿಂಗಳು ದಾಟುವುದಿಲ್ಲ. ಬಾಗಿಲವರೆಗೆ ಕರೆತಂದಾಯಿತು. ಒಳಗೆ ಏನು ನಡೆಯುತ್ತದೆ ಅನ್ನುವುದು ಬೇರೆ ಕೆಲಸ, ಅದಕ್ಕೆ ಉದ್ಘಾಟನೆ, ರಿಬ್ಬನ್ ಏನೂ ಇರುವುದಿಲ್ಲ, ಹಾಗಾಗಿ ಅದರ ಬಗ್ಗೆ ಯಾರೂ ಭಾಷಣ ಮಾಡುವುದಿಲ್ಲ.

ದೂರು ಅಂದಿರಲ್ಲ, ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆಯಿರಿ. ಒಂದು ಪ್ರತಿ ಆ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಕೊಡಿ, ಸಮಿತಿಯಲ್ಲಿ ನಿಮ್ಮೂರಿನವರೇ ಯಾರಾದರೂ ಇರುತ್ತಾರೆ. ರಾತ್ರಿ ಪಾಳಿಗೆ ಎರಡನೇ ಸಿಸ್ಟರ್ ಬೇಕು ಅಂತ ಬರೆಯಿರಿ. ಹೆರಿಗೆ ಕೋಣೆಯಲ್ಲಿ ಕೂಸಿನ ಬ್ಯಾಗು, ಸೊನ್ನೆ ನಂಬರು ಮತ್ತು ಒಂದನೇ ನಂಬರಿನ ಮಾಸ್ಕು ಬೀಗ ಇಲ್ಲದ ಜಾಗದಲ್ಲಿ ಇವೆಯಾ ಅಂತ ಕೇಳಿ. ಬ್ಯಾಗನ್ನು ತೊಳೆದ ಮೇಲೆ ವಾಲ್ವ್ ತಿರುಗುಮುರುಗು ಜೋಡಿಸಿದರೆ ಎಷ್ಟು ಒತ್ತಿದರೂ ಗಾಳಿ ಹೋಗುವುದಿಲ್ಲ. ದಿನಾ ಮಾಸ್ಕನ್ನು ಅಂಗೈಗೆ ಒತ್ತಿ ಹಿಡಿದು ಬ್ಯಾಗ್ ಹಿಚುಕಿ ನೋಡಬೇಕು, ಗಾಳಿಯ ಒತ್ತಡ ಕೈಗೆ ಗೊತ್ತಾಗುತ್ತದೆ, ಅರ್ಧ ನಿಮಿಷದ ಕೆಲಸ. ಅಭ್ಯಾಸದ ಗೊಂಬೆ ಇದೆಯಾ, ಕವರ್ ಬಿಚ್ಚಿದ್ದಾರಾ, ಅದನ್ನೂ ಕೇಳಿ. ಹೆರಿಗೆ ಕೋಣೆಗೆ ಇನ್ವರ್ಟರ್ ಬೇಕು ಅಂತ ಬರೆಯಿರಿ, ಚೆಸ್ಕಾಂ ಲೈನ್ ಮೇಲೆ ಮರ ಬೀಳುವುದು ನಮ್ಮ ಕಡೆ ಹೊಸದೇನಲ್ಲ. ಕೊನೆಗೆ ಆ ಸಿಸ್ಟರ್ ಮಾಡಿದ್ದೇನು ಅಂತ ಎರಡು ಸಾಲು ಸೇರಿಸಿ. ನರ್ಸ್ ಬಗ್ಗೆ ಒಳ್ಳೆ ಮಾತು ಇರುವ ಪತ್ರ ಆ ಕಚೇರಿಗೆ ಎಷ್ಟು ಬರುತ್ತವೋ ನಾನು ಕಾಣೆ.

ಇನ್ನು ಮಗು. ಎರಡು ತಿಂಗಳಾಯ್ತು ಅಂದಿರಿ. ಮುಖ ನೋಡಿ ನಗುತ್ತದೆಯಾ, ಚಪ್ಪಾಳೆ ತಟ್ಟಿದರೆ ಬೆಚ್ಚುತ್ತದೆಯಾ, ಕೈಕಾಲು ಎರಡೂ ಕಡೆ ಒಂದೇ ಥರ ಆಡಿಸುತ್ತದೆಯಾ, ಗಮನಿಸಿ. ಚೆನ್ನಾಗೇ ಇದ್ದರೂ ಒಮ್ಮೆ ಹಾಸನಕ್ಕೆ ಕರೆದುಕೊಂಡು ಹೋಗಿ ಮಕ್ಕಳ ಡಾಕ್ಟರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ. ಉಸಿರು ತಡವಾಗಿ ಬಂದು ಪೆಟ್ಟಿಗೆಯಲ್ಲಿದ್ದ ಮಕ್ಕಳಿಗೆ ಅದು ಮುಖ್ಯ. ಹೋಗುವಾಗ ತಾಯಿ ಕಾರ್ಡ್ ಮತ್ತು ಡಿಸ್ಚಾರ್ಜ್ ಚೀಟಿ ಮರೆಯಬೇಡಿ. ಹುಟ್ಟಿದಾಗ ಅಳಲಿಲ್ಲ, ಇಷ್ಟು ನಿಮಿಷ ಬ್ಯಾಗ್ ಕೊಟ್ಟೆವು ಅಂತ ಅವುಗಳಲ್ಲಿ ಬರೆದಿದೆಯಾ ಈಗಲೇ ತೆಗೆದು ನೋಡಿ. ಬರೆದಿಲ್ಲದಿದ್ದರೆ ಆ ಸಿಸ್ಟರ್ ಹತ್ತಿರವೇ ಹೋಗಿ ಕೇಳಿ ಬರೆಸಿಕೊಳ್ಳಿ. ಹೋಗುವಾಗ ನಿಮ್ಮಮ್ಮನನ್ನೂ ಕರೆದುಕೊಂಡು ಹೋಗಿ.